ರಸ್ತೆ ಬಂತು, ಹಿಂದೆಯೇ ಬಿಲ್ಲೂ ಬಂತು

ಅಮೆರಿಕದ ಒಹಾಯೋ ರಾಜ್ಯದಲ್ಲಿ ಸಿನ್ಸಿನಾಟಿ ಎಂಬ ದೊಡ್ಡ ಊರಿದೆ. ಅದಕ್ಕೆ ಅಂಟಿಕೊಂಡಂತೆ ನಾರ್‌ವುಡ್ ಎಂಬ ಸಣ್ಣ ಊರು. ಒಂದು ಕಾಲಕ್ಕೆ ಮುಂಬಯಿಗೆ ಮಾಟುಂಗಾ, ಚೆಂಬೂರು ಹೇಗಿದ್ದವೋ ಹಾಗೆ. 1890ರ ದಶಕದಲ್ಲಿ ಅಲ್ಲಿ ಎಲೆನ್ ಬೇಕರ್ ಎಂಬ ಮಹಿಳೆಗೆ ಒಂದಿಷ್ಟು ಜಮೀನಿತ್ತು. ಊರಿನ ಆಡಳಿತಕ್ಕೆ ಐವಾನ್‌ಹೋ ಅವೆನ್ಯೂ ಎಂಬ ರಸ್ತೆಯನ್ನು ಮುಂದಕ್ಕೆ ಒಯ್ಯಬೇಕಾಗಿತ್ತು. ಅದು ಹಾದುಹೋಗಬೇಕಾದದ್ದು ಈಕೆಯ ಜಮೀನಿನ ನಡುವೆಯೇ. ಕಾನೂನಿನ ಪ್ರಕಾರ ರಸ್ತೆಗೆ ಬೇಕಾದ ಪಟ್ಟಿ ನೆಲವನ್ನು ಸ್ವಾಧೀನಕ್ಕೆ ತೆಗೆದುಕೊಂಡರು. ಜ್ಯೂರಿ ಕೂತು 2,000 ಡಾಲರ್ ಪರಿಹಾರ ಗೊತ್ತುಮಾಡಿತು. ಇಲ್ಲಿಯವರೆಗೆ ಯಾವ ತಕರಾರೂ ಇಲ್ಲ.

ಆಮೇಲೆ ಊರಿನವರು ಇನ್ನೊಂದು ಕಾಗದ ಕಳಿಸಿದರು. ಹೊಸ ರಸ್ತೆಯಿಂದ ಅದರ ಎರಡೂ ಬದಿಯ ಜಮೀನಿಗೆ ಲಾಭವಾಗಿದೆ, ಆದ್ದರಿಂದ ರಸ್ತೆಯ ಖರ್ಚನ್ನು ಆ ಜಮೀನಿನವರೇ ಕೊಡಬೇಕು, ರಸ್ತೆಗೆ ತಾಗಿದ ಪ್ರತಿ ಅಡಿಗೆ ಇಷ್ಟೆಂದು. ಎರಡೂ ಬದಿಯ ಜಮೀನು ಯಾರದು? ಎಲೆನ್ ಬೇಕರ್ ಅವರದೇ! ಮೊತ್ತ 2,218 ಡಾಲರ್ 58 ಸೆಂಟ್. ಆಕೆಗೆ ಕೊಟ್ಟ 2,000 ಡಾಲರ್ ಪರಿಹಾರವನ್ನೇ ‘ರಸ್ತೆಯ ಖರ್ಚು’ ಎಂದು ಅದರಲ್ಲಿ ಸೇರಿಸಿದ್ದರು. ಅದರ ಮೇಲೆ ಸ್ವಾಧೀನದ ಮೊಕದ್ದಮೆಯ ವೆಚ್ಚ, ಊರಿನ ಪರವಾಗಿ ವಾದಿಸಿದ ವಕೀಲರ ಫೀಸು, ತಜ್ಞ ಸಾಕ್ಷಿಗಳ ಫೀಸು, ಪತ್ರಿಕೆಯ ಜಾಹೀರಾತಿನ ಖರ್ಚು. ಅಂದರೆ ಆಕೆಯ ನೆಲವೂ ಹೋಯಿತು, ಅದಕ್ಕೆ ಬಂದ ದುಡ್ಡೂ ಹೋಯಿತು, ತನ್ನ ನೆಲ ಕಳೆದುಕೊಂಡದ್ದಕ್ಕೆ ಕೈಯಿಂದ ಇನ್ನೂ 218 ಡಾಲರ್ ತೆರಬೇಕಾಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತೇವಲ್ಲ, ಇಲ್ಲಿ ಮೂಗನ್ನೇ ಕೊಯ್ದು ಮೂಗುತಿಯ ಬಿಲ್ಲು ಕೊಟ್ಟಿದ್ದರು.

ಆಕೆ ಕೋರ್ಟಿಗೆ ಹೋದರು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ 1898ರ ಡಿಸೆಂಬರ್ 12ರಂದು ತೀರ್ಪು ಬಂತು. ಗೆದ್ದವರು ಎಲೆನ್ ಬೇಕರ್.

ಸಂಘದ ಮಹಿಳಾ ವಿಭಾಗದ ಇ-ಸಂಚಿಕೆಗೆ ಇತಿಹಾಸದ ಲೇಖನ ಬೇಕೆಂದು ಕೇಳಿದಾಗ ನಮ್ಮ ಸಂಪಾದಕಿ ಬಹುಶಃ ರಾಣಿ ಅಬ್ಬಕ್ಕನೋ ಬೆಳವಡಿ ಮಲ್ಲಮ್ಮನೋ ಬರುತ್ತಾಳೆ ಅಂದುಕೊಂಡಿರಬೇಕು. ಅವರ ಬಗ್ಗೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಖಡ್ಗ ಹಿಡಿಯದೆ, ಒಂದು ಬಿಲ್ಲನ್ನು ಹಿಡಿದುಕೊಂಡು ‘ಈ ಲೆಕ್ಕ ಯಾರು ಹಾಕಿದ್ದು?’ ಎಂದು ಕೇಳಿದ ಹೆಂಗಸರ ಕಥೆಯೂ ಇತಿಹಾಸವೇ. ಸೊಸೈಟಿಯ ಮೇಂಟೆನೆನ್ಸ್ ಬಿಲ್ಲನ್ನು ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದುವ ನಮ್ಮಂಥವರಿಗೆ ಅದು ಸ್ವಲ್ಪ ಹೆಚ್ಚು ಹತ್ತಿರದ್ದೂ ಹೌದು.

ಮೊದಲಿಗೆ ಈ ಬಗೆಯ ಕರ ಹುಟ್ಟಿದ್ದು ಎಲ್ಲಿ ಎಂಬುದನ್ನು ನೋಡೋಣ. 1666ರಲ್ಲಿ ಲಂಡನ್ ನಗರಕ್ಕೆ ಬೆಂಕಿ ಬಿತ್ತು. ಮರದ ಮನೆಗಳು, ಇಕ್ಕಟ್ಟಿನ ಗಲ್ಲಿಗಳು ಸುಟ್ಟು ಬೂದಿಯಾದವು. ಮರುವರ್ಷ ಊರನ್ನು ಕಟ್ಟಲು ಪಾರ್ಲಿಮೆಂಟು ಕಾಯ್ದೆ ಮಾಡಿತು. ರಸ್ತೆಗಳನ್ನು ಅಗಲ ಮಾಡಬೇಕು. ಅಗಲ ಮಾಡುವಾಗ ಕೆಲವರ ನೆಲ ಹೋಗುತ್ತದೆ, ಅವರಿಗೆ ಪರಿಹಾರ ಕೊಡಬೇಕು. ಮೊದಲು ಗಲ್ಲಿಯ ಒಳಗಿದ್ದು ಈಗ ಅಗಲವಾದ ರಸ್ತೆಗೆ ಮುಖ ಮಾಡಿದ ಮನೆಗಳ ಬೆಲೆ ಏರುತ್ತದೆ, ಅವರಿಂದ ಒಂದು ಪಾಲು ವಸೂಲು ಮಾಡಬಹುದು ಎಂದು ಆ ಕಾಯ್ದೆ ಹೇಳಿತು. ವಾದ ನ್ಯಾಯವಾದದ್ದೇ. ಊರಿಗೆಲ್ಲ ಸೇರಿದ ದುಡ್ಡಿನಲ್ಲಿ ರಸ್ತೆ ಮಾಡಿ, ಅದರ ಲಾಭ ಹತ್ತು ಮನೆಗಳಿಗೆ ಮಾತ್ರ ಸಿಕ್ಕರೆ ಉಳಿದವರು ಸುಮ್ಮನಿರಬೇಕೆ?

ಆಗ ನ್ಯೂಯಾರ್ಕ್ ಇಂಗ್ಲಿಷರ ವಸಾಹತು. 1691ರಲ್ಲಿ ಅಲ್ಲಿಯೂ ಇದೇ ಮಾದರಿಯ ಕಾನೂನು ಬಂತು. ತಾಯಿನಾಡಿನಲ್ಲಿ ಈ ಕರ ಹೆಚ್ಚು ಬೇರೂರಲಿಲ್ಲ. ಅಮೆರಿಕದಲ್ಲಿ ಮಾತ್ರ ಹೆಮ್ಮರವಾಯಿತು. 19ನೇ ಶತಮಾನದಲ್ಲಿ ಅಲ್ಲಿನ ಊರುಗಳಲ್ಲಿ ಅನೇಕ ರಸ್ತೆ, ಫುಟ್‌ಪಾತು, ಚರಂಡಿ ಆದದ್ದು ಹೀಗೆ, ಅಕ್ಕಪಕ್ಕದ ಮನೆಯವರ ಮೇಲೆ ಹಾಕಿದ ವಿಶೇಷ ಕರದಿಂದ. ಅಲ್ಲಿ ಇದಕ್ಕೆ ‘ಸ್ಪೆಷಲ್ ಅಸೆಸ್‌ಮೆಂಟ್’ ಎಂದು ಹೆಸರು.

ಅಲ್ಲಿಂದಲೇ ತಕರಾರೂ ಶುರು. 1811ರಲ್ಲಿ ಮ್ಯಾನ್‌ಹ್ಯಾಟನ್ ದ್ವೀಪದ ಮೇಲೆ ಚೌಕುಳಿ ರಸ್ತೆಗಳ ನಕ್ಷೆ ಬಂದಾಗ ತೀರ ಕೋಪಗೊಂಡವರಲ್ಲಿ ಒಬ್ಬರು ಕ್ಲೆಮೆಂಟ್ ಕ್ಲಾರ್ಕ್ ಮೂರ್. ಕ್ರಿಸ್‌ಮಸ್ ತಾತ ಹಿಮಸಾರಂಗದ ಗಾಡಿಯಲ್ಲಿ ಬರುವ ಆ ಪ್ರಸಿದ್ಧ ಮಕ್ಕಳ ಪದ್ಯ ಇವರ ಹೆಸರಿನಲ್ಲೇ ಇದೆ. ಇವರ ಚೆಲ್ಸೀ ಎಂಬ ಎಸ್ಟೇಟಿನ ಮೇಲೆಯೇ ಒಂಬತ್ತನೇ ಅವೆನ್ಯೂ ಹಾದುಹೋಗಬೇಕಾಗಿತ್ತು. 1818ರಲ್ಲಿ ಅವರು ನಗರದ ಆಸ್ತಿದಾರರಿಗೆಲ್ಲ ಒಂದು ಕಿರುಹೊತ್ತಗೆ ಬರೆದು ಹಂಚಿದರು: ಗುಡ್ಡ ಕಡಿಯುತ್ತಾರೆ, ತಗ್ಗು ತುಂಬುತ್ತಾರೆ, ಆ ಖರ್ಚನ್ನು ನಮ್ಮ ತಲೆಗೇ ಕಟ್ಟುತ್ತಾರೆ ಎಂದು. ಮುಂದೆ ಅದೇ ಮೂರ್ ಎಸ್ಟೇಟನ್ನು ಸೈಟುಗಳಾಗಿ ಕತ್ತರಿಸಿ ಮಾರಿ ಚೆನ್ನಾಗಿಯೇ ದುಡ್ಡು ಮಾಡಿಕೊಂಡರು. ರಸ್ತೆಯಿಂದ ಲಾಭವಾದದ್ದು ನಿಜವೇ. ಆದರೆ ಆ ಲಾಭ ಕೈಗೆ ಬರಲು ಕಾಯಬೇಕು, ಆಸ್ತಿಯನ್ನು ಮಾರಬೇಕು. ಬಿಲ್ಲು ಮಾತ್ರ ಈಗಲೇ ಬರುತ್ತದೆ. ಕಾಯುವ ತ್ರಾಣ ಮೂರ್ ಅವರಿಗಿತ್ತು. ಇರುವುದೊಂದೇ ಮನೆ, ಅದರಲ್ಲೇ ವಾಸ ಎನ್ನುವವರು ಏನು ಮಾಡಬೇಕು? ಮನೆಯ ಬೆಲೆ ಏರಿದೆಯೆಂದು ಅದರ ಒಂದು ಕೋಣೆಯನ್ನು ಮುರಿದು ಕರ ಕಟ್ಟಲು ಬರುತ್ತದೆಯೇ?

ಈ ಕರ ಹಾಕುತ್ತಿದ್ದ ಕೌನ್ಸಿಲ್ಲುಗಳಿಗೆ ಬಹುತೇಕ ಕಡೆ ಹೆಂಗಸರು ಮತ ಹಾಕುವಂತಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ದೇಶದಾದ್ಯಂತ ಅಮೆರಿಕದ ಮಹಿಳೆಯರಿಗೆ ಮತದ ಹಕ್ಕು ಬಂದದ್ದು 1920ರಲ್ಲಿ. ಅಲ್ಲಿಯವರೆಗೆ ಬಹುತೇಕ ಕಡೆ ಆಸ್ತಿ ಇದ್ದ ಹೆಂಗಸು ಕರ ಕಟ್ಟಬಹುದಿತ್ತು, ಕರ ಎಷ್ಟೆಂದು ಗೊತ್ತುಮಾಡುವವರನ್ನು ಆರಿಸುವಂತಿರಲಿಲ್ಲ. ಕನೆಟಿಕಟ್ ರಾಜ್ಯದ ಗ್ಲಾಸ್ಟನ್‌ಬರಿ ಎಂಬ ಊರಿನಲ್ಲಿ ಜೂಲಿಯಾ ಸ್ಮಿತ್, ಆ್ಯಬಿ ಸ್ಮಿತ್ ಎಂಬ ಅಕ್ಕತಂಗಿಯರಿದ್ದರು. ಇಬ್ಬರೂ ಮದುವೆಯಾಗದೆ ತಂದೆಯ ಹೊಲಮನೆ ನೋಡಿಕೊಂಡಿದ್ದವರು. ಜೂಲಿಯಾ ಎಂಥ ವಿದ್ವಾಂಸೆ ಎಂದರೆ ಬೈಬಲ್ಲನ್ನು ಮೂಲ ಭಾಷೆಗಳಿಂದ ತಾನೊಬ್ಬಳೇ ಕೂತು ಇಂಗ್ಲಿಷಿಗೆ ತಂದವರು. 1873ರಲ್ಲಿ ಊರಿನವರು ಇವರ ಆಸ್ತಿಯ ಅಂದಾಜು ಬೆಲೆಯನ್ನು 100 ಡಾಲರ್ ಏರಿಸಿದರು. ವಿಚಾರಿಸಿ ನೋಡಿದರೆ ಊರಿನಲ್ಲಿ ಹಾಗೆ ಏರಿಸಿದ್ದು ಇವರದು ಮತ್ತು ಇನ್ನಿಬ್ಬರು ವಿಧವೆಯರದು. ಒಬ್ಬ ಗಂಡಸಿನದೂ ಇಲ್ಲ. ಮತ ಕೊಡಿ, ಕರ ಕೊಡುತ್ತೇವೆ ಎಂದು ಕೂತರು. 1874ರ ಜನವರಿಯಲ್ಲಿ ವಸೂಲಿಯವನು ಬಂದು ಇವರ ಹಸುಗಳನ್ನು ಹೊಡೆದುಕೊಂಡು ಹೋಗಿ ಹರಾಜು ಹಾಕಿದ. ಆಗ ಅಕ್ಕನಿಗೆ 81, ತಂಗಿಗೆ 76 ವರ್ಷ. ಮುಂದೆ ಹುಲ್ಲುಗಾವಲನ್ನೂ ಹರಾಜು ಹಾಕಿದಾಗ ಕೋರ್ಟಿಗೆ ಹೋಗಿ, ಜಮೀನಿಗೆ ಕೈಹಾಕುವ ಮೊದಲು ಚರ ಆಸ್ತಿಯನ್ನು ತೆಗೆದುಕೊಳ್ಳಬೇಕಿತ್ತೆಂಬ ಕಾನೂನಿನ ಅಂಶ ಹಿಡಿದು ಗೆದ್ದರು. ಉಳಿಸಿಕೊಂಡ ಹಸುಗಳಲ್ಲಿ ಒಂದಕ್ಕೆ ‘ಟ್ಯಾಕ್ಸಿ’, ಇನ್ನೊಂದಕ್ಕೆ ‘ವೋಟಿ’ ಎಂದು ಹೆಸರಿಟ್ಟಿದ್ದರಂತೆ. ಟ್ಯಾಕ್ಸ್, ವೋಟು ಎರಡನ್ನೂ ದಿನಾ ಕೊಟ್ಟಿಗೆಯಲ್ಲಿ ಕಟ್ಟಿ ಹಾಲು ಕರೆದ ಹಾಗಾಯಿತು!

ಇನ್ನು ನಾರ್‌ವುಡ್‌ಗೆ ಮರಳೋಣ. ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್. ಕರಿಯರಿಗೆ ಬೇರೆ ರೈಲುಡಬ್ಬಿ ಇಡುವುದು ಸರಿ ಎಂದು 1896ರಲ್ಲಿ ಬಹುಮತದ ನ್ಯಾಯಮೂರ್ತಿಗಳು ಹೇಳಿದಾಗ ಒಬ್ಬರೇ ಭಿನ್ನಮತ ಬರೆದವರು ಇವರೇ. ಎಲೆನ್ ಬೇಕರ್ ಪ್ರಕರಣದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ರಸ್ತೆಯಿಂದ ಒಂದು ಆಸ್ತಿಗೆ ವಿಶೇಷ ಲಾಭವಾಗಿದ್ದರೆ ಅದರ ಮೇಲೆ ವಿಶೇಷ ಕರ ಹಾಕಬಹುದು. ಆದರೆ ಆ ಲಾಭವೇ ಕರಕ್ಕೆ ಆಧಾರ. ಲಾಭಕ್ಕಿಂತ ಗಣನೀಯವಾಗಿ ಹೆಚ್ಚು ವಸೂಲು ಮಾಡಿದರೆ, ಆ ಹೆಚ್ಚಿನ ಭಾಗ ಕರವಲ್ಲ, ಪರಿಹಾರವಿಲ್ಲದೆ ಆಸ್ತಿ ಕಿತ್ತುಕೊಂಡಂತೆ. ನಾರ್‌ವುಡ್‌ನವರು ಲಾಭ ಎಷ್ಟೆಂದು ವಿಚಾರಿಸಲೇ ಇಲ್ಲ. ಟೇಪು ಹಿಡಿದು ರಸ್ತೆಗೆ ತಾಗಿದ ಅಡಿ ಎಣಿಸಿ, ಪೂರ್ತಿ ಖರ್ಚನ್ನು ಅದರಿಂದ ಭಾಗಿಸಿಬಿಟ್ಟರು. ಅದು ಸಲ್ಲದು.

ಇಲ್ಲೊಂದು ಸೂಕ್ಷ್ಮವಿದೆ. ಬೇಕರ್ ಏನೂ ಕೊಡಬೇಕಾಗಿಲ್ಲ ಎಂದು ಕೋರ್ಟು ಹೇಳಲಿಲ್ಲ. ಲಾಭವನ್ನು ಸರಿಯಾಗಿ ಅಳೆದು, ಅಷ್ಟಕ್ಕೆ ಮಾತ್ರ ಹೊಸದಾಗಿ ಕರ ಹಾಕಲು ಊರಿಗೆ ಅಡ್ಡಿಯಿಲ್ಲವೆಂದೂ ತೀರ್ಪಿನಲ್ಲಿದೆ. ಜಗಳ ಇದ್ದದ್ದು ಕೊಡುವುದರ ಬಗ್ಗೆ ಅಲ್ಲ, ಅಳೆಯುವುದರ ಬಗ್ಗೆ. ನಾನು ಓದಿದ ಇಂಥ ಎಲ್ಲ ತಕರಾರುಗಳೂ ತಿರುಗಿ ಬಂದು ನಿಲ್ಲುವುದು ಅಲ್ಲೇ. ಅಳತೆಗೋಲು ಯಾವುದು, ಅದು ಯಾರ ಕೈಯಲ್ಲಿದೆ, ಯಾವ ದಿನದ ಬೆಲೆಯನ್ನು ಅಳೆದರು?

ತೀರ್ಪು ಬಂದ ಮೇಲೆ ಊರೂರುಗಳಲ್ಲಿ ಮೊಕದ್ದಮೆಗಳೆದ್ದವು. ಆದರೆ ಈ ಗೆಲುವಿನ ಆಯುಸ್ಸು ಕಡಿಮೆ. 1901ರ ಏಪ್ರಿಲ್‌ನಲ್ಲಿ ಕನ್ಸಾಸ್ ಸಿಟಿಯ ಇನ್ನೊಂದು ಪ್ರಕರಣ ಅದೇ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಅಲ್ಲಿ ಫಾರೆಸ್ಟ್ ಅವೆನ್ಯೂಗೆ ಡಾಂಬರು ಹಾಕಿದ ಬಾರ್ಬರ್ ಆಸ್ಫಾಲ್ಟ್ ಎಂಬ ಕಂಪನಿಯ ಖರ್ಚನ್ನು ಅಡಿಯ ಲೆಕ್ಕದಲ್ಲೇ ಹಂಚಿದ್ದರು. ಸರಿಯಾಗಿದೆ, ಶಾಸನಸಭೆ ಒಪ್ಪಿದ ಅಳತೆ ಸಾಕು, ಪ್ರತಿ ಮನೆಯ ಲಾಭವನ್ನು ಬೇರೆ ಬೇರೆ ವಿಚಾರಣೆ ಮಾಡಬೇಕಿಲ್ಲ ಎಂದಿತು ಬಹುಮತ. ತೀರ್ಪು ಬರೆದ ನ್ಯಾಯಮೂರ್ತಿ ಶಿರಾಸ್, ಬೇಕರ್ ಪ್ರಕರಣದಲ್ಲಿ ಭಿನ್ನಮತಕ್ಕೆ ಸೇರಿದ್ದ ಮೂವರಲ್ಲಿ ಒಬ್ಬರು. ಈ ಸಲ ಭಿನ್ನಮತ ಬರೆಯುವ ಸರದಿ ಹಾರ್ಲನ್ ಅವರದು. ಅಡಿಯ ಲೆಕ್ಕಕ್ಕೆ ಒಂದು ಅನುಕೂಲವಿದೆ ಎಂಬುದನ್ನು ಒಪ್ಪಬೇಕು: ಯಾರು ಅಳೆದರೂ ಒಂದೇ ಉತ್ತರ ಬರುತ್ತದೆ, ಲಂಚಕ್ಕೆ ಜಾಗ ಕಡಿಮೆ. ಲಾಭದ ಲೆಕ್ಕವೋ, ಅದನ್ನು ಅಂದಾಜು ಮಾಡುವವನ ಮರ್ಜಿ.

ಈಗ ನಮ್ಮ ಊರಿಗೆ ಬರೋಣ, ಏಕೆಂದರೆ ಅದೇ 1898ರಲ್ಲಿ, ಬೇಕರ್ ತೀರ್ಪಿಗೆ ಒಂದು ತಿಂಗಳ ಮುಂಚೆ, ನವೆಂಬರ್‌ನಲ್ಲಿ ಮುಂಬಯಿಯಲ್ಲಿ ‘ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್’ ಹುಟ್ಟಿತು. ಅದರ ಹಿಂದಿನ ಕಾರಣ ಪ್ಲೇಗು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಪ್ಲೇಗು ನಗರವನ್ನು ಅರ್ಧಕ್ಕರ್ಧ ಖಾಲಿಮಾಡುವಷ್ಟು ಹೆದರಿಸಿತು. ಗಾಳಿಬೆಳಕಿಲ್ಲದ ಗಲ್ಲಿಗಳೇ ರೋಗದ ಮೂಲ ಎಂದು ಆಗ ನಂಬಿದ್ದರು. ಹಳೆಯ ಊರನ್ನು ಸೀಳಿಕೊಂಡು ಸಮುದ್ರದ ಗಾಳಿ ಒಳಗೆ ಬರುವಂತೆ ಅಗಲ ರಸ್ತೆ ಮಾಡುವುದು ಟ್ರಸ್ಟಿನ ಮುಖ್ಯ ಕೆಲಸಗಳಲ್ಲಿ ಒಂದಾಯಿತು. ಇಂದು ನಾವು ಸರ್ದಾರ್ ವಲ್ಲಭಭಾಯಿ ಪಟೇಲ್ ರೋಡ್ ಎನ್ನುವ ಸ್ಯಾಂಡ್‌ಹರ್ಸ್ಟ್ ರೋಡ್, ಶಾಮಲದಾಸ್ ಗಾಂಧಿ ಮಾರ್ಗವಾಗಿರುವ ಪ್ರಿನ್ಸೆಸ್ ಸ್ಟ್ರೀಟ್, ಮಹಮ್ಮದ್ ಅಲಿ ರೋಡ್ ಆಗಿರುವ ಸಿಡೆನ್‌ಹ್ಯಾಮ್ ರೋಡ್, ಎಲ್ಲವೂ ಟ್ರಸ್ಟಿನ ಕೈಕೆಲಸ. ಸೀರೆ ಕೊಳ್ಳಲು, ಮದುವೆಯ ಸಾಮಾನು ತರಲು ಆ ಕಡೆ ಹೋಗುವಾಗ ಒಮ್ಮೆ ಗಮನಿಸಿ: ಪಕ್ಕದ ಗಲ್ಲಿಗಳೆಲ್ಲ ಡೊಂಕು, ಈ ರಸ್ತೆಗಳು ಮಾತ್ರ ಊರಿನ ಮೇಲೆ ಗೆರೆ ಎಳೆದಂತೆ.

ಮುಂಬಯಿಯ ಟ್ರಸ್ಟು ನಾರ್‌ವುಡ್‌ನಂತೆ ಅಕ್ಕಪಕ್ಕದವರಿಗೆ ಬಿಲ್ಲು ಕಳಿಸಲಿಲ್ಲ. ಅದರ ಉಪಾಯ ಬೇರೆ. ರಸ್ತೆಗೆ ಬೇಕಾದ್ದಕ್ಕಿಂತ ಹೆಚ್ಚು ಅಗಲದ ನೆಲವನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವುದು, ನಡುವೆ ರಸ್ತೆ ಮಾಡುವುದು, ಬೆಲೆ ಏರಿದ ಎರಡೂ ಬದಿಯ ನೆಲವನ್ನು ಪ್ಲಾಟು ಮಾಡಿ ಲೀಸಿಗೆ ಕೊಡುವುದು. ಆಸ್ತಿದಾರನ ಲಾಭದಲ್ಲಿ ಪಾಲು ಕೇಳುವ ಬದಲು ಆಸ್ತಿದಾರನನ್ನೇ ಪಕ್ಕಕ್ಕೆ ಸರಿಸಿದಂತಾಯಿತು. ಆದ್ದರಿಂದ ಇಲ್ಲಿ ಜಗಳ ನಡೆದದ್ದು ಪರಿಹಾರದ ಮೇಲೆ. ಅದನ್ನು ಕೇಳಲೆಂದೇ ಒಬ್ಬ ಅಧ್ಯಕ್ಷ, ಇಬ್ಬರು ಅಸೆಸರುಗಳ ವಿಶೇಷ ನ್ಯಾಯಮಂಡಳಿ ಇತ್ತು. ನನ್ನ ಚಾಳಿನಿಂದ ತಿಂಗಳಿಗೆ ಇಷ್ಟು ಬಾಡಿಗೆ ಬರುತ್ತದೆ, ಅದರ ಮೇಲೆ ಬೆಲೆ ಕಟ್ಟಿ ಎನ್ನುವವರು ಮಾಲೀಕರು. ಹಂದಿಗೂಡಿನಂತೆ ಜನ ತುಂಬಿ ಏರಿಸಿದ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯಲಾಗದು ಎನ್ನುವವರು ಟ್ರಸ್ಟಿನವರು. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿತ್ತು. ಆ ಚಾಳಿನ ಕೋಣೆಯಲ್ಲಿದ್ದವರ ಮಾತು ಮಾತ್ರ ಈ ದಾಖಲೆಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮನೆ ಕೆಡವಿದ ವೇಗದಲ್ಲಿ ಹೊಸ ಮನೆ ಏಳಲಿಲ್ಲ; ಕೂಲಿಯವರು ಪಕ್ಕದ ಗಲ್ಲಿಗೆ ಹೋಗಿ ಇನ್ನಷ್ಟು ಒತ್ತಾಗಿ ಬದುಕಿದರು. ಗಾಳಿ ಬರಲೆಂದು ಮಾಡಿದ ರಸ್ತೆಯಿಂದ ಅವರಿಗೆ ಇದ್ದ ಗಾಳಿಯೂ ಹೋಯಿತು.

ಟ್ರಸ್ಟು ಊರಿನ ಉತ್ತರಕ್ಕೂ ಕೈಚಾಚಿತು. ದಾದರ್, ಮಾಟುಂಗಾ, ಸಯನ್ ಕಡೆ ಆಗ ಗದ್ದೆ, ತೋಟ, ಹಳ್ಳಿ. ಅಲ್ಲಿ ನಡೆದ ವಾದ ನನಗೆ ತುಂಬ ಹಿಡಿಸಿದ್ದು. ಇದು ಭತ್ತ ಬೆಳೆಯುವ ನೆಲ, ಭತ್ತದ ಗದ್ದೆಯ ಬೆಲೆ ಕೊಡುತ್ತೇವೆ ಎಂದಿತು ಟ್ರಸ್ಟು. ನೀವು ಇಲ್ಲಿ ಬಡಾವಣೆ ಮಾಡಲಿಕ್ಕೇ ತಾನೆ ತೆಗೆದುಕೊಳ್ಳುತ್ತಿರುವುದು, ಹಾಗಿದ್ದರೆ ಮನೆ ಕಟ್ಟುವ ಜಾಗದ ಬೆಲೆ ಕೊಡಿ ಎಂದರು ಜಮೀನಿನವರು. ಇವತ್ತಿನ ಬೆಲೆಯೋ, ನಾಳಿನ ಬೆಲೆಯೋ? ಈ ವಾದವಿವಾದದಲ್ಲೇ ವರ್ಷಗಳು ಉರುಳಿ, ಬಡಾವಣೆ ಮೇಲೇಳಲು ಬಹಳ ಕಾಲ ಹಿಡಿಯಿತು. ಕೊನೆಗೆ ಅಲ್ಲಿ ಮನೆಗಳೆದ್ದಾಗ ಬಂದು ನೆಲೆಸಿದವರಲ್ಲಿ ದಕ್ಷಿಣದವರು ಬಹಳ. ಮೈಸೂರು ಅಸೋಸಿಯೇಷನ್ ಇರುವುದು ಅಲ್ಲೇ. ಮಲ್ಲಿಗೆ ದಂಡೆ, ಬಾಳೆ ಎಲೆ, ಫಿಲ್ಟರ್ ಕಾಫಿಪುಡಿಗೆಂದು ನಮ್ಮಲ್ಲಿ ಇಂದಿಗೂ ಹಲವರು ಹೋಗುವುದು ಅಲ್ಲಿಗೇ. ನಾವು ಹೂವಿಗೆ ಚೌಕಾಸಿ ಮಾಡುವ ಆ ಫುಟ್‌ಪಾತಿನ ಅಡಿಯ ನೆಲಕ್ಕೆ ನೂರು ವರ್ಷದ ಹಿಂದೆ ನಡೆದ ಚೌಕಾಸಿ ಇದು. ಟ್ರಸ್ಟು 1933ರಲ್ಲಿ ಮುನಿಸಿಪಾಲಿಟಿಯಲ್ಲಿ ವಿಲೀನವಾಯಿತು.

ಲಾಭದಲ್ಲಿ ನೇರವಾಗಿ ಪಾಲು ಕೇಳುವ ಕಾನೂನು ನಮ್ಮಲ್ಲಿ ಬಂದದ್ದು 1915ರ ಬಾಂಬೆ ಟೌನ್ ಪ್ಲಾನಿಂಗ್ ಕಾಯ್ದೆಯಿಂದ. ಒಂದು ಪ್ರದೇಶದ ಎಲ್ಲರ ಜಮೀನನ್ನೂ ಒಟ್ಟುಗೂಡಿಸಿ, ರಸ್ತೆಗೆ ಜಾಗ ಬಿಟ್ಟು, ಉಳಿದದ್ದನ್ನು ಚೊಕ್ಕ ಪ್ಲಾಟುಗಳನ್ನಾಗಿ ಮಾಡಿ ತಿರುಗಿ ಹಂಚುವುದು. ಬೆಲೆ ಏರಿದ್ದರಲ್ಲಿ ಅರ್ಧದವರೆಗೆ ಮಾಲೀಕರಿಂದ ಪಡೆದು ಯೋಜನೆಯ ಖರ್ಚು ತೂಗಿಸುವುದು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ. ಆದರೆ ಇಲ್ಲಿಯೂ ಒಂದು ದಿನಾಂಕ ಬೇಕಲ್ಲ, ‘ಹಿಂದಿನ ಬೆಲೆ’ ಎನ್ನಲು?

ಅಹಮದಾಬಾದಿನ ಉದಾಹರಣೆ ನೋಡಿ. ಅಲ್ಲಿನ ಮುನಿಸಿಪಾಲಿಟಿ ಹಳೆಯ ಕೋಟೆಗೋಡೆಯ ಆಸುಪಾಸಿನಲ್ಲಿ ಇಂಥ ಯೋಜನೆ ಮಾಡುತ್ತೇವೆಂದು 1927ರ ಏಪ್ರಿಲ್ 18ರಂದು ಘೋಷಿಸಿತು. ಆಗ ಅಲ್ಲಿ ಅಧ್ಯಕ್ಷರಾಗಿದ್ದವರು ವಲ್ಲಭಭಾಯಿ ಪಟೇಲರು. ಘೋಷಣೆಯಾಯಿತೇ ಹೊರತು ಯೋಜನೆ ಮುಗಿಯಲಿಲ್ಲ. ಸ್ವಾತಂತ್ರ್ಯ ಬಂತು, 1915ರ ಕಾಯ್ದೆ ಹೋಗಿ 1954ರ ಕಾಯ್ದೆ ಬಂತು, ಗುಜರಾತ್ ರಾಜ್ಯವೇ ಹುಟ್ಟಿತು. ಯೋಜನೆ ನಡೆಯುತ್ತಲೇ ಇತ್ತು. ಕೊನೆಗೆ ಶಾಂತಿಲಾಲ್ ಮಂಗಳದಾಸ್ ಎಂಬ ಮಾಲೀಕರ 18,219 ಚದರ ಗಜದ ಜಮೀನನ್ನು ಎರಡು ಮಾಡಿ, 2,816 ಚದರ ಗಜದ ಪ್ಲಾಟನ್ನು ಅವರಿಗೆ ಬಿಟ್ಟು, ಉಳಿದ 15,403 ಚದರ ಗಜವನ್ನು ಸ್ಥಳೀಯ ಸಂಸ್ಥೆಗೆ ಕೊಟ್ಟರು. ಪರಿಹಾರ 25,411 ರೂಪಾಯಿ. ಬೆಲೆ ಯಾವ ದಿನದ್ದು? 1927ರ ಏಪ್ರಿಲ್ 18ರದ್ದು!

ಗುಜರಾತ್ ಹೈಕೋರ್ಟಿನಲ್ಲಿ ಅವರು ಗೆದ್ದರು. ಸುಪ್ರೀಂ ಕೋರ್ಟು 1969ರ ಜನವರಿ 13ರಂದು ಆ ತೀರ್ಪನ್ನು ತಿರುಗಿಸಿತು. ನ್ಯಾಯಮೂರ್ತಿ ಜೆ.ಸಿ. ಶಾ ಬರೆದ ತೀರ್ಪಿನ ವಾದ ತಳ್ಳಿಹಾಕುವಂಥದ್ದಲ್ಲ: ಘೋಷಣೆಯಾದ ದಿನದಿಂದ ಬೆಲೆ ಏರುವುದೇ ಯೋಜನೆಯ ಕಾರಣಕ್ಕೆ, ಏರಿದ ಬೆಲೆಯನ್ನೇ ಪರಿಹಾರವಾಗಿ ಕೊಡುವುದಾದರೆ ಯಾವ ಊರೂ ರಸ್ತೆ ಮಾಡಲಾರದು, ಕಾಯ್ದೆ ಒಂದು ತತ್ವವನ್ನು ಹೇಳಿರುವಾಗ ಪರಿಹಾರ ಸಾಲದೆಂಬ ಕಾರಣಕ್ಕೆ ಅದನ್ನು ಕೋರ್ಟು ಹೊಡೆದುಹಾಕುವಂತಿಲ್ಲ. ಒಪ್ಪೋಣ. ಒಂದೆರಡು ವರ್ಷದಲ್ಲಿ ಮುಗಿಯುವ ಯೋಜನೆಗೆ ಈ ಮಾತು ಪೂರ್ತಿ ಸರಿ. ಮೂರ್ನಾಲ್ಕು ದಶಕ ಎಳೆದ ಯೋಜನೆಗೆ? ತಡ ಮಾಡಿದವರು ಒಬ್ಬರು, ತಡದ ಬೆಲೆ ತೆತ್ತವರು ಇನ್ನೊಬ್ಬರು. ಮರುವರ್ಷವೇ, 1970ರ ಫೆಬ್ರವರಿಯಲ್ಲಿ, ಬ್ಯಾಂಕ್ ರಾಷ್ಟ್ರೀಕರಣದ ಪ್ರಕರಣದಲ್ಲಿ ಬಹುಮತದ ತೀರ್ಪು ಬರೆದವರೂ ಇದೇ ನ್ಯಾಯಮೂರ್ತಿ ಶಾ. ಅಲ್ಲಿ ಪರಿಹಾರದ ಪ್ರಶ್ನೆಯಲ್ಲಿ ಅವರ ನಿಲುವು ಆಸ್ತಿದಾರರ ಕಡೆಗೆ ವಾಲಿತು. ಹಾರ್ಲನ್, ಶಿರಾಸ್‌ರ ಕಥೆಯ ಹಾಗೆ ಇಲ್ಲಿಯೂ ತಕ್ಕಡಿ ಕೆಲವೇ ದಿನಗಳಲ್ಲಿ ಇನ್ನೊಂದು ಕಡೆಗೆ ಬಾಗಿತು.

ನಮ್ಮ ಕರ್ನಾಟಕವೂ ಈ ವಂಶಾವಳಿಯಲ್ಲಿದೆ. ಪ್ಲೇಗಿನ ಹೊಡೆತಕ್ಕೆ ಮುಂಬಯಿಯಲ್ಲಿ ಟ್ರಸ್ಟು ಹುಟ್ಟಿದಂತೆ ಮೈಸೂರಿನಲ್ಲಿ 1903ರ ಕಾಯ್ದೆಯಿಂದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಬೆಂಗಳೂರಿಗೆ ಅದೇ ಹೆಸರಿನ ಸಂಸ್ಥೆ 1945ರ ಕಾಯ್ದೆಯಿಂದ ಬಂತು. 1976ರ ಕಾಯ್ದೆಯಿಂದ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ಆ ಕಾಯ್ದೆಯ 20ನೇ ಕಲಮಿನಲ್ಲಿ ಸುಧಾರಣಾ ಕರದ ಮಾತಿದೆ: ಯೋಜನೆಯಿಂದ ಜಮೀನಿನ ಬೆಲೆ ಎಷ್ಟು ಏರಿತೋ ಅದರ ಮೂರನೇ ಒಂದು ಪಾಲು. ಬಾಂಬೆಯಲ್ಲಿ ಅರ್ಧ, ಬೆಂಗಳೂರಿನಲ್ಲಿ ಮೂರನೇ ಒಂದು. ಎರಡರಲ್ಲೂ ಮೊದಲು ಲಾಭವನ್ನು ಅಳೆಯಬೇಕು, ಆಮೇಲೆ ಪಾಲು. ಹಾರ್ಲನ್ ಕೇಳಿದ್ದೂ ಅದನ್ನೇ.

ಅಳೆಯುವುದು ಎಷ್ಟು ಕಷ್ಟ ಎಂಬುದು ನಮ್ಮ ಸೊಸೈಟಿಯ ಕಮಿಟಿಯಲ್ಲಿ ಕೂತ ಮೇಲೆ ನನಗೆ ಚೆನ್ನಾಗಿ ಗೊತ್ತಾಯಿತು. ಗೇಟಿನಿಂದ ಒಳಗಿನ ರಸ್ತೆಗೆ ಕಾಂಕ್ರೀಟು ಹಾಕಿಸುವ ಮಾತು ಬಂದಾಗ ಎಜಿಎಂನಲ್ಲಿ ಮೂರು ಪಕ್ಷಗಳಾದವು. ಫ್ಲ್ಯಾಟಿಗೆ ಇಷ್ಟೆಂದು ಸಮನಾಗಿ ಹಂಚಿ ಎಂದರು ದೊಡ್ಡ ಫ್ಲ್ಯಾಟಿನವರು. ಚದರ ಅಡಿಯ ಮೇಲೆ ಹಾಕಿ ಎಂದರು ಒಂದು ಕೋಣೆಯವರು. ರಸ್ತೆ ಸವೆಸುವವರು ಕಾರಿನವರು, ಅವರೇ ಕೊಡಲಿ ಎಂದರು ಮೂರನೇ ಮಹಡಿಯ ಕಾಕೂ. ನೆಲಮಹಡಿಯವರು ಲಿಫ್ಟಿಗೇಕೆ ದುಡ್ಡು ಕೊಡಬೇಕು ಎಂಬ ಹಳೆಯ ಜಗಳವೂ ಅದರೊಳಗೆ ನುಸುಳಿತು. ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ. ಕೊನೆಗೆ ಬೈಲಾ ತೆಗೆದು ಸಮಪಾಲು ಎಂದು ಬರೆದುಕೊಂಡೆವು. ನ್ಯಾಯವೆಂದಲ್ಲ, ಎಲ್ಲರಿಗೂ ಅರ್ಥವಾಗುವ ಲೆಕ್ಕ ಅದೊಂದೇ ಎಂದು.

ನನ್ನ ತಂಗಿಯದು ಮಾತ್ರ ಬೇರೆ ಸಂಕಟ. ಹುಬ್ಬಳ್ಳಿಯಿಂದ ಮದುವೆಯಾಗಿ ಬೆಂಗಳೂರಿಗೆ ಹೋದವಳು, ಊರ ಹೊರಗೆ ಒಂದು ರೆವಿನ್ಯೂ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಳು. ಖಾತೆ ಬೇಕಾದರೆ ಬೆಟರ್‌ಮೆಂಟ್ ಚಾರ್ಜು ಕಟ್ಟಬೇಕೆಂದು ಅಲ್ಲಿನ ಸ್ಥಳೀಯ ಸಂಸ್ಥೆಯವರು ಹೇಳಿದರು. ಮುಖ್ಯರಸ್ತೆಯ ಕಾರ್ನರ್ ಸೈಟಿಗೂ, ರಾಜಕಾಲುವೆಯ ಬದಿಯಲ್ಲಿ ಕೊನೆಗಿರುವ ಇವಳ ಸೈಟಿಗೂ ಚದರ ಮೀಟರಿಗೆ ಒಂದೇ ದರ. ಕಟ್ಟಿದಳು, ರಸೀದಿ ಇದೆ, ಖಾತೆಯೂ ಆಯಿತು. ಫೋನು ಮಾಡಿದಾಗೆಲ್ಲ ಒಂದೇ ಮಾತು: “ಅಕ್ಕಾ, ನಮ್ಮ ಓಣ್ಯಾಗ ಇನ್ನೂ ಗಟಾರನ ಆಗಿಲ್ಲ. ಬೆಟರ್‌ಮೆಂಟ್ ಅಂತ ರೊಕ್ಕಾ ತುಂಬಿಸ್ಕೊಂಡ್ರು. ಯಾರಿಗೆ ಬೆಟರ್ ಆತು?” ಅವಳಿಗೆ ಎಲೆನ್ ಬೇಕರ್ ಕಥೆ ಹೇಳಿದೆ. ಹಸುಗಳ ಕಥೆಯನ್ನೂ ಹೇಳಿದೆ. ಅದಕ್ಕೆ ಬಿದ್ದು ಬಿದ್ದು ನಕ್ಕಳು.

ಓಣಿಯ ಹೆಂಗಸರು ಒಂಬತ್ತು ಜನ ಸೇರಿ ಮೊನ್ನೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಾರೆ. ಕೇಳಿರುವುದು ಮೂರೇ ಪ್ರಶ್ನೆ: ನಮ್ಮ ಬಡಾವಣೆಯಿಂದ ಬೆಟರ್‌ಮೆಂಟ್ ಎಂದು ಒಟ್ಟು ಎಷ್ಟು ವಸೂಲಾಯಿತು, ಅದರಲ್ಲಿ ಯಾವ ಯಾವ ರಸ್ತೆ, ಗಟಾರಕ್ಕೆ ಎಷ್ಟು ಖರ್ಚಾಯಿತು, ಉಳಿದದ್ದು ಯಾವ ಖಾತೆಯಲ್ಲಿದೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿಯ ಫೋಟೋವನ್ನು ಅವಳು ನನಗೂ ವಾಟ್ಸಾಪ್‌ನಲ್ಲಿ ಕಳಿಸಿದ್ದಾಳೆ. ಉತ್ತರ ಕೊಡಲು ಅವರಿಗೆ 30 ದಿನ ಇದೆ.